ಪದಚರ್ಚೆ: ತೊಟ್ಟಿಯ ದೊಡ್ಡ ಮೀನಿಗೆ ‘ಬೆಕ್ಕುಮೀನು’ ಅನ್ನಬಹುದೇ?

ಗಂಗಾವತಿಯಿಂದ:
ನಮಸ್ಕಾರ. ಅಕ್ವೇರಿಯಂ ಫಲಕ ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಮೀನು ಎರಡೂವರೆ ಅಡಿ ಇದೆ. ಹುರುಪೆ ಇಲ್ಲ, ತಲೆ ಚಪ್ಪಟೆ, ಬಾಯಿ ಸುತ್ತ ಮೀಸೆ. ಮಾರಿದವರು ‘ಶಾರ್ಕ್’ ಅಂದಿದ್ದರು, ನೋಡಿದವರು ‘ಮಾಗೂರ್’ ಅಂತಾರೆ. ‘ಬೆಕ್ಕುಮೀನು’ ಎಂದು ಬರೆಸಿದರೆ ನಡೆದೀತೇ? ಎರಡೇ ಸಾಲಿಗೆ ಜಾಗ ಇದೆ.

ಬಳ್ಳಾರಿಯಿಂದ:
ನಡೆಯೋದಿಲ್ಲ. ಅದು ಇಂಗ್ಲಿಷಿನ ‘ಕ್ಯಾಟ್‌ಫಿಶ್’ನ ನೆರಳು. ‘ಬಾಳೆಮೀನು’ ಅನ್ನಿ, ಅಚ್ಚಗನ್ನಡ. ಹಣ್ಣಿನ ಬಾಳೆಗೂ ಇದಕ್ಕೂ ಸಂಬಂಧ ಹಚ್ಚಬೇಡಿ. ಹಣ್ಣಿನದು ಹಳಗನ್ನಡದಲ್ಲಿ ‘ಬಾೞೆ’, ತಮಿಳಿನ ‘ವಾೞೈ’. ಮೀನಿನದು ‘ಳ’ಕಾರದ್ದು, ತಮಿಳಿನ ‘ವಾಳೈ’, ತೆಲುಗಿನ ‘ವಾಲುಗ’. ಮೊದಲ ವಕಾರ ನಮ್ಮಲ್ಲಿ ಬಕಾರ ಆಯಿತು. ಬಾಳ್ ಅಂದರೆ ಕತ್ತಿ. ಆ ಮೀನಿನ ಚಪ್ಪಟೆ, ಬೆಳ್ಳಿಬಣ್ಣದ ಮೈ ನೋಡಿದವರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಸಿಂಧನೂರಿನಿಂದ:
ವ್ಯುತ್ಪತ್ತಿ ಚೆನ್ನಾಗಿದೆ, ಮೀನು ಬೇರೆ. ಬಾಳೆಗೆ ಮೀಸೆ ಎರಡೇ ಜೊತೆ, ಬಾಯಿ ಕಣ್ಣು ದಾಟಿ ಹಿಂದಕ್ಕೆ ಸೀಳಿರುತ್ತದೆ, ಬೆನ್ನ ರೆಕ್ಕೆ ನಾಲ್ಕೈದು ಕಡ್ಡಿಯ ಪುಟ್ಟ ಗರಿ ಅಷ್ಟೇ. ಫಲಕ ಬರೆಸುವ ಮುಂಚೆ ಮೀನು ಯಾವುದೆಂದು ಗೊತ್ತಾಗಲಿ.

ಗಂಗಾವತಿಯವರೇ, ಒಂದು ಫೋಟೊ ಪಕ್ಕದಿಂದ, ಒಂದು ನೇರ ಮೇಲಿನಿಂದ ತೆಗೆಯಿರಿ. ಮೀಸೆ ಎರಡೂ ಬದಿ ಎಣಿಸಿ, ತೊಟ್ಟಿಯಲ್ಲಿ ಒಂದು ಬದಿ ಸವೆದು ಮೊಂಡಾಗಿರಬಹುದು. ಎಣಿಕೆ ತಪ್ಪುವುದು ಮೂಗಿನ ಮೇಲಿನ ಗಿಡ್ಡ ಜೊತೆಯಲ್ಲಿ. ಅದನ್ನು ಬಿಟ್ಟರೆ ನಾಲ್ಕು ಜೊತೆ ಮೂರಾಗಿ, ಅಮೆಜಾನ್‌ನ ಕೆಂಪುಬಾಲದ ಮೀನಿನ ಬಳಗಕ್ಕೆ ಹೋಗಿ ಕೂರುತ್ತೀರಿ. ಬೆನ್ನ ರೆಕ್ಕೆ ಉದ್ದವೋ ಗಿಡ್ಡವೋ, ಅದಕ್ಕೂ ಬಾಲಕ್ಕೂ ನಡುವೆ ಕಡ್ಡಿಯಿಲ್ಲದ ಕೊಬ್ಬಿನ ಮರಿರೆಕ್ಕೆ ಉಂಟೋ ಇಲ್ಲವೋ, ಅದನ್ನೂ ಬರೆಯಿರಿ. ಬಣ್ಣ ನಂಬಬೇಡಿ, ತೊಟ್ಟಿಯ ತಳಕ್ಕೆ ತಕ್ಕಂತೆ ಏರಿಳಿಯುತ್ತದೆ.

ಅಂಗಡಿಯ ‘ಶಾರ್ಕ್’ ಅಂದರೆ ಪಂಗಾಸಿಯಸ್, ಆಗ್ನೇಯ ಏಷ್ಯಾದ ಮೆಕಾಂಗ್ ನದಿಯದು. ಅದಕ್ಕೆ ಗಿಡ್ಡ ಮೀಸೆ ಎರಡು ಜೊತೆ, ನೆಟ್ಟಗೆ ನಿಂತ ಗಿಡ್ಡ ಬೆನ್ನ ರೆಕ್ಕೆ, ಹಿಂದೆ ಮರಿರೆಕ್ಕೆ ಇರುತ್ತದೆ. ಕಣ್ಣು ಬಾಯ ಮೂಲೆಯ ಮಟ್ಟಕ್ಕೆ ಇಳಿದಿರುತ್ತದೆ.

ಗಂಗಾವತಿಯಿಂದ:
ಮೀಸೆ ನಾಲ್ಕು ಜೊತೆ, ಮೂಗಿನದೂ ಸೇರಿ. ಬೆನ್ನ ರೆಕ್ಕೆ ತಲೆಯ ಹಿಂದಿನಿಂದ ಬಾಲದ ಬುಡದವರೆಗೆ ಒಂದೇ ಪಟ್ಟಿ. ಮರಿರೆಕ್ಕೆ ಇಲ್ಲ. ಹೊಟ್ಟೆಯ ಕೆಳಗೂ ಹಾಗೇ ಉದ್ದ ಪಟ್ಟಿ. ಬೂದು ಮೈಮೇಲೆ ಕಪ್ಪು ಮಚ್ಚೆ ಚೆಲ್ಲಿದೆ.

ಸಿಂಧನೂರಿನಿಂದ:
ಹಾಗಾದರೆ ಕ್ಲೇರಿಯಸ್, ಅಂದರೆ ಮಾಗೂರ್‌ಗಳ ಕುಲ. ಚೇಳುಮೀನಿಗೂ ನಾಲ್ಕು ಜೊತೆ ಮೀಸೆ ಇದೆ, ಆದರೆ ಅದರ ಬೆನ್ನ ರೆಕ್ಕೆ ಗಿಡ್ಡ, ಮೈ ಒಂದಡಿಯ ಆಸುಪಾಸಿನದು. ನಮ್ಮ ದೇಶದ ಮಾಗೂರ್ ಒಂದೂವರೆ ಅಡಿ ದಾಟುವುದು ಕಷ್ಟ. ಎರಡೂವರೆ ಅಡಿ, ಮೇಲೆ ಮಚ್ಚೆ ಅಂದಮೇಲೆ ಇದು ಅದೇ ಕುಲದ ಆಫ್ರಿಕಾದ ಮೀನು, ಕ್ಲೇರಿಯಸ್ ಗೇರಿಪೈನಸ್. ಖಾತ್ರಿ ಬೇಕಿದ್ದರೆ ಕಿವಿರಿನ ಮೊದಲ ಕಮಾನಿನ ಹಲ್ಲುಗಳನ್ನು ಎಣಿಸಬೇಕು. ನಮ್ಮದಕ್ಕೆ ಇಪ್ಪತ್ತರ ಒಳಗೆ, ಆಫ್ರಿಕಾದ ದೊಡ್ಡ ಮೀನಿಗೆ ಅದರ ಹಲವು ಪಟ್ಟು. ಜೀವಂತ ಮೀನಿನ ಮೇಲೆ ಅದನ್ನು ಮಾಡಲು ಹೋಗಬೇಡಿ, ಉದ್ದವೇ ಸಾಕು.

ಫಲಕಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಈ ಮೀನಿನ ಸಾಕಣೆಗೂ ಮರಿ ಮಾಡುವುದಕ್ಕೂ ದೇಶದಲ್ಲಿ 2000ದಿಂದ ನಿಷೇಧವಿದೆ. ಹೆಸರು ಬರೆದು ನೇತುಹಾಕುವ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಏನೇ ಆದರೂ ತುಂಗಭದ್ರಾ ಎಡದಂಡೆ ಕಾಲುವೆಗೆ ಬಿಡಬೇಡಿ. ಗಾಳಿ ಉಸಿರಾಡುತ್ತದೆ, ಒದ್ದೆ ನೆಲದ ಮೇಲೆ ತೆವಳುತ್ತದೆ, ಎದುರಿಗೆ ಸಿಕ್ಕ ಮೀನನ್ನೆಲ್ಲ ತಿನ್ನುತ್ತದೆ. ತೊಟ್ಟಿಗೆ ಭಾರದ ಮುಚ್ಚಳ ಇದೆಯೇ?

ರಾಯಚೂರಿನಿಂದ:
ಮೀನಿನ ಪಾಠ ಆಯಿತು, ಪದಕ್ಕೆ ಬನ್ನಿ. ‘ಮಾಗೂರ್’ ಬಂಗಾಲಿ. ಬಂಗಾಲಿ ನಿರಾಶ್ರಿತರು ನೆಲೆಸಿದ ಸಿಂಧನೂರಿನ ಆರ್.ಎಚ್. ಕ್ಯಾಂಪಿನವರ ಬಾಯಲ್ಲಿ ಚಂದ, ಕನ್ನಡ ಫಲಕದ ಮೇಲಲ್ಲ. ‘ಮೀಸೆಮೀನು’ ಸಾಕು.

ಸಿಂಧನೂರಿನಿಂದ:
ಕ್ಯಾಂಪಿನವರೂ ಈ ತಾಲೂಕಿನವರೇ ರೀ. ಮೀಸೆಮೀನು ಅಂದರೆ ಯಾವುದು? ಬಾಳೆಗೂ ಮೀಸೆ, ಚೇಳುಮೀನಿಗೂ ಮೀಸೆ, ಪಂಗಾಸಿಯಸ್‌ಗೂ ಮೀಸೆ. ಗುಂಪಿಗಾದರೆ ಒಪ್ಪುತ್ತೇನೆ, ಈ ಒಂದು ಮೀನಿಗೆ ಆಗದು.

ಬಳ್ಳಾರಿಯಿಂದ:
‘ಮಾಗೂರ್’ನ ಮೂಲ ಸಂಸ್ಕೃತದ ‘ಮದ್ಗುರ’. ತತ್ಸಮ ಬೇಕಿದ್ದವರು ಹಾಗೇ ಬರೆಯಲಿ. ನನಗೆ ಬೇಡ.

ರಾಯಚೂರಿನಿಂದ:
ಯಾರಿಗೂ ಬೇಡ. ಒಂದೊಂದು ಸಾಕುಮೀನಿನ ಜೊತೆ ಒಂದೊಂದು ಹೊರಗಿನ ಪದ ಒಳಗೆ ಬಂದರೆ ನಮ್ಮ ಪದಗಳಿಗೆ ಜಾಗ ಎಲ್ಲಿದೆ?

ಸಿಂಧನೂರಿನಿಂದ:
ಕಾಟ್ಲಾ, ರೋಹು, ಮೃಗಾಲ್ ತುಂಗಭದ್ರೆಯವೇ? ಗಂಗೆಯ ಕಡೆಯ ಮೀನುಮರಿಗಳನ್ನು ಜಲಾಶಯಕ್ಕೆ ತಂದು ಬಿಟ್ಟರು, ಹೆಸರೂ ಜೊತೆಗೇ ಬಂತು. ಸಂತೆಯಲ್ಲಿ ರೋಹುವಿಗೆ ಅಚ್ಚಗನ್ನಡ ಹೆಸರು ಕೇಳಿ ನೋಡಿ, ತಕ್ಕಡಿಯವನು ಮುಂದಿನ ಗಿರಾಕಿಯನ್ನು ಕರೆಯುತ್ತಾನೆ. ಇಲ್ಲಿ ಮೊದಲೇ ಇದ್ದ ಬಾಳೆಗೆ, ಚೇಳುಮೀನಿಗೆ ನಮ್ಮ ಹೆಸರಿದೆ, ಅದನ್ನು ಬಿಡಬಾರದು. ಹೊರಗಿನಿಂದ ಬಂದದ್ದಕ್ಕೆ ನಮ್ಮ ಮೀನಿನ ಹೆಸರು ಹಚ್ಚಿದರೆ ಎರಡೂ ಕೆಡುತ್ತವೆ.

ಬಳ್ಳಾರಿಯಿಂದ:
ಅದಕ್ಕೇ ಬರೀ ‘ಮಾಗೂರ್’ ಕೂಡ ತಪ್ಪು. ಅದು ದೇಶದ ಮೀನಿನ ಹೆಸರು.

ಸಿಂಧನೂರಿನಿಂದ:
ಈ ಒಂದು ಮಾತು ಸರಿ. ಇಲಾಖೆಯವರು ಒಪ್ಪಿದರೆ ಮೊದಲ ಸಾಲು ‘ಆಫ್ರಿಕನ್ ಮಾಗೂರ್’, ಎರಡನೆಯದು ‘ಮೀಸೆಮೀನುಗಳ ಗುಂಪು. ಕೆರೆ, ಕಾಲುವೆಗೆ ಬಿಡಬೇಡಿ’.

ರಾಯಚೂರಿನಿಂದ:
‘ಆಫ್ರಿಕಾದ’ ಅನ್ನಿ. ‘ಆಫ್ರಿಕನ್’ ಯಾಕೆ?

ಗಂಗಾವತಿಯಿಂದ:
‘ಆಫ್ರಿಕಾದ’ ಅಂತಲೇ ಬರೆಸುತ್ತೇನೆ. ಪ್ರಿಂಟು ತಡೆಹಿಡಿದಿದ್ದೇನೆ, ಬೆಳಿಗ್ಗೆ ಇಲಾಖೆಗೆ ಹೋಗಬೇಕು. ಮುಚ್ಚಳ ಇದೆ, ಭಾರ ಇಲ್ಲ. ಎಷ್ಟು ಭಾರ ಇಡಬೇಕು?