ಅಪ್‌ಡೇಟ್: 8 ಅಡಿ ಬೇಡ ಅಂದಿರಿ, 6 ಅಡಿ ಟ್ಯಾಂಕೇ ಇಟ್ಟೆ

ನ್ಯೂಜೆರ್ಸಿ ಮನೆಯ ಹಾಲ್‌ನಲ್ಲಿ ಜೀವಂತ ಹವಳ ಸಾಕುವ ಗಾಜಿನ ಟ್ಯಾಂಕ್ ಇಡಬೇಕು, 6 ಅಡಿಯದೋ 8 ಅಡಿಯದೋ, ಲೈಟ್ ಯಾವುದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

6x2x2 ಅಡಿಯದ್ದನ್ನೇ ತಗೊಂಡೆ. ನೀರೇ ಸುಮಾರು 680 ಲೀಟರ್. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ ಒಂದು ಟನ್ ಹತ್ತಿರ. ನಮ್ಮ ಹಾಲ್‌ನದು ಮರದ ನೆಲ, ಅದಕ್ಕೇ ಕೆಳಗೆ ಬೇಸ್‌ಮೆಂಟ್‌ನ ಕಾಂಕ್ರೀಟ್ ಮೇಲೆ ಇಟ್ಟೆ. ನಾನು ನೋಡಿದ್ದ 8 ಅಡಿಯದು ಎರಡೂವರೆ ಅಡಿ ಆಳ ಇತ್ತು. ಅದರ ತಳಕ್ಕೆ ಕೈ ಎಟುಕೋದೇ ಕಷ್ಟ, ಬೆಳಕೂ ಜಾಸ್ತಿ ಬೇಕು.

ಲೈಟ್ ಕಡಿಮೆಯಿಂದ ಶುರುಮಾಡಿ ನಿಧಾನಕ್ಕೆ ಏರಿಸಿ ಅಂದಿದ್ರಿ, ಆ ಮಾತು ಮಾತ್ರ ಕೇಳದೆ ತಪ್ಪು ಮಾಡಿದೆ. ಎರಡು ಅಡಿಗೊಂದರಂತೆ ಮೂರು ಎಲ್‌ಇಡಿ ಹಾಕಿ, ಮೊದಲ ದಿನವೇ ಬೆಳಕನ್ನು 80%ಗೆ ಏರಿಸಿದೆ. ವಾರದೊಳಗೆ ಎತ್ತರದ ಕಲ್ಲಿನ ಮೇಲಿದ್ದ ಹವಳ ಅಂಚಿನಿಂದ ಬಿಳಿಚಿಕೊಳ್ಳತೊಡಗಿತು. ಬೆಳಕು ಅತಿಯಾದರೆ ಹವಳ ತನ್ನೊಳಗಿನ ಪಾಚಿಯನ್ನೇ ಹೊರಹಾಕುತ್ತೆ, ಅದೇ ಅದರ ಊಟದ ಮೂಲ ಅಲ್ವಾ! ನೋಡಿ ಹೊಟ್ಟೆ ಉರಿಯಿತು.

ಪಾರ್ ಮೀಟರ್ (ಪಾಚಿ ಬಳಸಬಲ್ಲ ಬೆಳಕು ಎಷ್ಟಿದೆ ಅಂತ ಅಳೆಯೋ ಸಾಧನ) ಬಾಡಿಗೆಗೆ ತಂದು ಅಳೆದರೆ ಆ ಕಲ್ಲಿನ ಮೇಲೆ 400 ದಾಟಿತ್ತು, ತಳದ ಮರಳಿನ ಹತ್ತಿರ 130. ತಕ್ಷಣ 40%ಗೆ ಇಳಿಸಿ, ಆ ಹವಳವನ್ನು ಮರಳಿಗೆ ಸರಿಸಿದೆ. ಈಗ ವಾರಕ್ಕೆ 5% ಮಾತ್ರ ಏರಿಸ್ತಿದ್ದೇನೆ. ನಿನ್ನೆ ರಾತ್ರಿ ಟಾರ್ಚ್ ಹಿಡಿದು ನೋಡಿದೆ, ಬಿಳಿಚಿದ್ದ ಅಂಚಿನಲ್ಲೇ ಕಂದು ಬಣ್ಣ ಮರಳುತ್ತಿದೆ, ಪುಟ್ಟ ಬಾಯಿಗಳು ಅರಳಿದ್ದವು. ತುಂಬಾ ಖುಷಿಯಾಯಿತು.