ಹಳೆ ಇಂಗ್ಲಿಷ್ ಉಯಿಲಿನ ಲೆಕ್ಕ: 6 ಪೌಂಡ್ 13 ಷಿಲಿಂಗ್ 4 ಪೆನ್ಸ್ ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಇಂಗ್ಲೆಂಡಿನ ಸಫೊಕ್‌ನಲ್ಲಿ ಇದ್ದೇನೆ. ನಮ್ಮ ಹಳ್ಳಿಯ ಇತಿಹಾಸದ ಗುಂಪಿನವರು 1612ರ ಒಬ್ಬ ರೈತನ ಉಯಿಲು ಕೊಟ್ಟು ಓದಿ ಹೇಳಿ ಅಂದಿದ್ದಾರೆ. ಮಗಳಿಗೆ 6 ಪೌಂಡ್ 13 ಷಿಲಿಂಗ್ 4 ಪೆನ್ಸ್, ಊರಿನ ಬಡವರಿಗೆ 6 ಷಿಲಿಂಗ್ 8 ಪೆನ್ಸ್, ಹಿರೇ ಮಗನಿಗೆ ಬರೀ 12 ಪೆನ್ಸ್! ಇದೆಂಥ ಚಿಲ್ಲರೆ ಲೆಕ್ಕ? ಮಗನ ಮೇಲೆ ಅಪ್ಪನಿಗೆ ಸಿಟ್ಟಿತ್ತಾ?

ಉತ್ತರ: ಮೇಡಂ, ಅದು ಚಿಲ್ಲರೆ ಅಲ್ಲ, ದುಂಡು ಮೊತ್ತವೇ. ಆಗ 12 ಪೆನ್ಸಿಗೆ ಒಂದು ಷಿಲಿಂಗ್, 20 ಷಿಲಿಂಗಿಗೆ ಒಂದು ಪೌಂಡ್. ಅಂದರೆ ಪೌಂಡಿಗೆ 240 ಪೆನ್ಸ್. ಇದರ ಜೊತೆಗೆ ಮಾರ್ಕ್ ಅಂತ ಇನ್ನೊಂದು ಲೆಕ್ಕ ಇತ್ತು. ಒಂದು ಮಾರ್ಕ್ ಅಂದರೆ 160 ಪೆನ್ಸ್, ಪೌಂಡಿನ ಮೂರರಲ್ಲಿ ಎರಡು ಪಾಲು. ಮಗಳ ಪಾಲನ್ನು ಪೆನ್ಸಿಗೆ ಇಳಿಸಿ: 1600. ಸರಿಯಾಗಿ 10 ಮಾರ್ಕ್! ಬಡವರದ್ದು ಅರ್ಧ ಮಾರ್ಕ್.

ತಮಾಷೆ ಅಂದರೆ ಇಂಗ್ಲೆಂಡಿನಲ್ಲಿ ಮಾರ್ಕ್ ಅನ್ನೋ ನಾಣ್ಯವೇ ಇರಲಿಲ್ಲ. ಬರೀ ಲೆಕ್ಕದಲ್ಲಿ, ಬಾಯಲ್ಲಿ ಇತ್ತು. 1957ರಲ್ಲಿ ನಯಾಪೈಸೆ ಬಂದ ಮೇಲೂ ನಾವು 50 ಪೈಸೆಗೆ ಎಂಟಾಣೆ ಅಂತಲೇ ಅನ್ನುತ್ತಿದ್ದೆವು, ಅಲ್ವಾ? ಹಾಗೆ. ಶೇಕ್ಸ್‌ಪಿಯರ್ 1616ರ ಉಯಿಲಿನಲ್ಲಿ ಮೂವರು ನಟ ಗೆಳೆಯರಿಗೆ ಉಂಗುರ ಕೊಳ್ಳಲು ತಲಾ 26 ಷಿಲಿಂಗ್ 8 ಪೆನ್ಸ್ ಬಿಟ್ಟ. ಲೆಕ್ಕ ಹಾಕಿ, 2 ಮಾರ್ಕ್. ವಕೀಲ ಕಾಲಿನ್ಸ್‌ಗೆ 13 ಪೌಂಡ್ 6 ಷಿಲಿಂಗ್ 8 ಪೆನ್ಸ್, ಅಂದರೆ 20 ಮಾರ್ಕ್.

ಇನ್ನು ಹಿರೇ ಮಗ. ಸಿಟ್ಟು ಇರಬಹುದು, ಆದರೆ ಅಷ್ಟರಿಂದಲೇ ಹಾಗೆ ಹೇಳಲಾಗದು. ಎಷ್ಟೋ ಸಲ ಹಿರಿಯವನಿಗೆ ಜಮೀನು ಮೊದಲೇ ಸೇರಿರುತ್ತದೆ. ಕೆಲವು ಜಮೀನು ಊರಿನ ಒಡೆಯನ ನ್ಯಾಯಸಭೆಯಲ್ಲೇ ಕೈ ಬದಲಾಗುತ್ತಿತ್ತು, ಉಯಿಲಿನಲ್ಲಿ ಅದರ ಸುದ್ದಿಯೇ ಇರದೆ ಇರಬಹುದು. 12 ಪೆನ್ಸ್ ಬರೆದರೆ 'ನಿನ್ನನ್ನು ಮರೆತಿಲ್ಲಪ್ಪ' ಅಂದ ಹಾಗೆ. ಮಗನ ಹೆಸರು ಬಿಟ್ಟರೆ ಉಯಿಲು ಬಿದ್ದುಹೋಗುತ್ತೆ ಅಂತ ಜನ ನಂಬಿದ್ದರು. ಕಾನೂನಿನಲ್ಲಿ ಹಾಗೇನೂ ಇರಲಿಲ್ಲ. ಒಡೆಯನ ಆ ನ್ಯಾಯಸಭೆಯ ದಾಖಲೆ ಸಿಕ್ಕರೆ ನೋಡದೆ ಬಿಡಬೇಡಿ.

ಇನ್ನೊಬ್ಬರು: ಸರ್, 10 ಮಾರ್ಕ್ ಅಂದರೆ ಇವತ್ತಿನ ಎಷ್ಟು ರೂಪಾಯಿ?

ಉತ್ತರ: ಆ ಲೆಕ್ಕಕ್ಕೆ ನಾನು ಕೈ ಹಾಕಲ್ಲ. ಆಗ ಬಟ್ಟೆ ದುಬಾರಿ, ಕೆಲಸದಾಳು ಅಗ್ಗ. ಕೂಲಿಯಲ್ಲಿ ಅಳೆಯಿರಿ. ಆ ಕಾಲಕ್ಕೆ ದಕ್ಷಿಣ ಇಂಗ್ಲೆಂಡಿನಲ್ಲಿ ಕಟ್ಟಡದ ಕೂಲಿಯಾಳಿಗೆ ದಿನಕ್ಕೆ ಸುಮಾರು 8 ಪೆನ್ಸ್. ಮಗಳ ಪಾಲು 200 ದಿನದ ದುಡಿಮೆ. ಹಿರೇ ಮಗನದ್ದು ಒಂದೂವರೆ ದಿನದ್ದು.

ಪ್ರಶ್ನೆ ಕೇಳಿದವರು: ಸಂಖ್ಯೆಯ ಕೊನೆಯಲ್ಲಿ ಬಾಲ ಇರೋ ಅಕ್ಷರ ಇದೆ ಸರ್. ಮೊದಲು ಇಂಗ್ಲಿಷಿನ 'ಜೆ' ಅಂದುಕೊಂಡು ತಲೆ ಕೆಡಿಸಿಕೊಂಡೆ.

ಉತ್ತರ: ಆಗ ಸಂಖ್ಯೆಯನ್ನು ರೋಮನ್ ಅಂಕಿಗಳಲ್ಲಿ ಬರೆಯುತ್ತಿದ್ದರು, ಅದೂ ರೋಮನ್ 1 (i) ಅಷ್ಟೇ. ಕೊನೆಯ ಗೀಟಿಗೆ ಬಾಲ ಎಳೆಯುತ್ತಿದ್ದರು, ಸಂಖ್ಯೆ ಇಲ್ಲಿಗೆ ಮುಗಿಯಿತು ಅಂತ. ನಾವು ಚೆಕ್ಕಿನಲ್ಲಿ 'ಮಾತ್ರ' ಅಂತ ಬರೆಯಲ್ವಾ? ಪೆನ್ಸಿಗೆ 'ಡಿ' ಅಂತ ಇರುತ್ತೆ, ಲ್ಯಾಟಿನ್ನಿನ ಡೆನಾರಿಯಸ್ ಅನ್ನೋ ನಾಣ್ಯದ ಹೆಸರಿನಿಂದ ಬಂದದ್ದು.

ಪ್ರಶ್ನೆ ಕೇಳಿದವರು: ಅಯ್ಯೋ, ಹಿಂದಿನ ಪುಟ ಈಗ ಓದಿದೆ! ಮನೆ, ಹೊಲ ಕಿರಿ ಮಗನಿಗಂತೆ. ಅಕ್ಕನಿಗೆ 21 ತುಂಬಿದಾಗ ಅಥವಾ ಮದುವೆಯ ದಿನ ಆ ದುಡ್ಡನ್ನು ಅವನೇ ಕೊಡಬೇಕಂತೆ. ಅದೂ ಚರ್ಚಿನ ಬಾಗಿಲ ಮುಂದಿನ ಜಗಲಿಯಲ್ಲಿ. ಅಲ್ಲೇ ಯಾಕೆ ಸರ್?

ಉತ್ತರ: ಹಾಗೆ ಬರೆಯೋದು ರೂಢಿ. ನಾಲ್ಕು ಜನರ ಕಣ್ಣೆದುರು ಕೊಟ್ಟರೆ ಆಮೇಲೆ ಕೊಟ್ಟಿಲ್ಲ ಅನ್ನೋಕಾಗಲ್ಲ. ಸತ್ತವನ ಕೈಯಲ್ಲಿ ಅಷ್ಟು ನಗದು ಇರಲೇಬೇಕಂತಿಲ್ಲ, ಕಿರಿಯವನು ಹೊಲ ದುಡಿದು ಕೂಡಿಸಬೇಕು. ನಿಮ್ಮೂರ ಚರ್ಚಿನ ಜಗಲಿ ಇನ್ನೂ ಇದ್ದರೆ ಒಂದು ಫೋಟೋ ಹಾಕಿ ಮೇಡಂ.