ಕೆಂಡವೋ, ಬ್ರೇಕೋ

ಗುಂಪು: ಬಸವನಗುಡಿ ಬಳಗ

ದೊಡ್ಡಪ್ಪ: ಈ ಚಿತ್ರ ನೋಡಿ. ಕ್ಯಾಸಿಯೋಪಿಯಾ ಎ, ಸಿಡಿದ ನಕ್ಷತ್ರವೊಂದರ ಅವಶೇಷ, ಸುಮಾರು 11,000 ಜ್ಯೋತಿರ್ವರ್ಷ ದೂರ. ನಕ್ಷತ್ರ ಸಿಡಿದ ಬೆಳಕು ನಮ್ಮನ್ನು ಮುಟ್ಟಿ ಹತ್ತಿರ ಹತ್ತಿರ 350 ವರ್ಷವಾದರೂ ಕೆಂಡ ಆರಿಲ್ಲ! ಮಕ್ಕಳಿಗೂ ತೋರಿಸಿ.

ಸಹನಾ: ದೊಡ್ಡಪ್ಪ, ಚಿತ್ರ ಸರಿ, ಕೆಂಡ ತಪ್ಪು. ಸಿಡಿದ ವಸ್ತು ಹಿಗ್ಗುತ್ತಾ ಹಿಗ್ಗುತ್ತಾ ತಣ್ಣಗಾಗಿಬಿಟ್ಟಿತ್ತು. ಈಗ ಹೊಳೆಯುತ್ತಿರುವುದು ಎರಡನೆಯ ಸಲ ಕಾದದ್ದು.

ದೊಡ್ಡಪ್ಪ: ಎರಡನೆಯ ಸಲ ಕಾಯಿಸಿದವರು ಯಾರು? ಅಲ್ಲೇನು ಒಲೆ ಹೂಡಿದ್ದಾರೆಯೇ?

ಸಹನಾ: ವಿಮಾನ ನಿಲ್ದಾಣದ ಕಡೆಯಿಂದ ರಭಸವಾಗಿ ಬಂದ ಕಾರು ಹೆಬ್ಬಾಳದಲ್ಲಿ ನಿಂತ ಸಾಲು ಕಂಡು ಬ್ರೇಕ್ ಹಾಕುತ್ತದೆ. ಇಳಿದು ಬ್ರೇಕ್ ಮುಟ್ಟಿದರೆ ಕೈ ಸುಡುತ್ತದೆ. ಅದು ಎಂಜಿನ್ನಿನ ಬಿಸಿಯಲ್ಲ, ಓಟವೇ ಬಿಸಿಯಾದದ್ದು. ಅಲ್ಲಿಯೂ ಮುಂದೆ ಹೋದದ್ದು ಸುತ್ತಲಿನ ಅನಿಲಕ್ಕೆ ತಡೆದು ನಿಧಾನವಾಗಿದೆ, ಹಿಂದಿನದು ಬಂದು ಬಡಿಯುತ್ತಿದೆ. ಇದಕ್ಕೆ ಹಿಮ್ಮುಖ ಆಘಾತ ಎನ್ನುತ್ತಾರೆ.

ಸೀತತ್ತೆ: ನಿನ್ನೆ ಹೆಬ್ಬಾಳದಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ತಲೆ ಕಾಯಿತು, ನಕ್ಷತ್ರ ಕಾಣಲಿಲ್ಲ.

ದೊಡ್ಡಪ್ಪ: ಉಪಮೆ ಇರಲಿ, ಪುರಾವೆ ಕೊಡು. ಈ ಬಣ್ಣಗಳನ್ನು ಕಂಪ್ಯೂಟರಿನಲ್ಲಿ ಬಳಿಯುತ್ತಾರೆ ಎಂದು ಯುಗಾದಿಯ ದಿನ ನೀನೇ ಹೇಳಿದ್ದೆ.

ಸಹನಾ: ಚಿತ್ರದ ಬಣ್ಣ ಬಳಿದದ್ದು, ರೋಹಿತದ ಗೆರೆ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಒಂದೊಂದು ಧಾತು ತನ್ನದೇ ತರಂಗಾಂತರದಲ್ಲಿ ತೋರುವ ಗೆರೆ, ಅಳೆದದ್ದು. ಸಾರು ಉಕ್ಕಿ ಒಲೆಗೆ ಬಿದ್ದಾಗ ಜ್ವಾಲೆ ಹಳದಿಯಾಗುತ್ತದಲ್ಲ, ಅದು ಉಪ್ಪಿನ ಸೋಡಿಯಂ, 589 ನ್ಯಾನೋಮೀಟರ್. ಕೆಂಡವಾಗಿದ್ದರೆ ಎಲ್ಲ ಬಣ್ಣಗಳೂ ಬೆರೆತು ಹರಡಿಕೊಂಡಿರುತ್ತಿದ್ದವು. ಈ ಚಿತ್ರದ ಗಂಟುಗಳಲ್ಲಿ, ಅಂದರೆ ಹೊಳೆಯುವ ಅನಿಲದ ಮುದ್ದೆಗಳಲ್ಲಿ, ಬಿಡಿ ಬಿಡಿ ಗೆರೆಗಳಿವೆ: ಆಮ್ಲಜನಕ, ಗಂಧಕ. ವೇಗದ ಗಂಟುಗಳಲ್ಲಿ ಹೆಚ್ಚಿನವುಗಳಿಗೆ ಜಲಜನಕದ ಗೆರೆಯೇ ಇಲ್ಲ, ಅಂದರೆ ಇದು ನಕ್ಷತ್ರದ ಹೊಟ್ಟೆಯೊಳಗಿನ ಸರಕು. ಒಂದೇ ಗಂಟಿನಲ್ಲಿ ಒಂದೂ ಎಲೆಕ್ಟ್ರಾನ್ ಕಳೆದುಕೊಳ್ಳದ, ಒಂದು ಕಳೆದುಕೊಂಡ, ಎರಡು ಕಳೆದುಕೊಂಡ ಆಮ್ಲಜನಕ ಮೂರೂ ಸಿಗುತ್ತವೆ. ಪೆಟ್ಟು ತಿಂದು ಕಾದು, ಅದರ ಬೆನ್ನಿಗೇ ಆರುತ್ತಿರುವ ಪದರಗಳು ಅವು. ಗಂಧಕದ 671.6 ಮತ್ತು 673.1 ಗೆರೆಗಳಲ್ಲಿ ಯಾವುದು ಎಷ್ಟು ಪ್ರಖರ ಎಂದು ನೋಡಿದರೆ ಅನಿಲ ಎಷ್ಟು ಸಾಂದ್ರವಾಗಿದೆ ಎಂಬುದೂ ಸಿಗುತ್ತದೆ. ಇನ್ನೊಂದು ಮಾತು: ಕೆಲವೇ ವರ್ಷಗಳ ಅಂತರದಲ್ಲಿ ತೆಗೆದ ಚಿತ್ರಗಳಲ್ಲಿ ಹೊಸ ಗಂಟುಗಳು ಬೆಳಗುತ್ತವೆ, ಹಳೆಯವು ಮಂಕಾಗುತ್ತವೆ. ಆರಿದ ಕೆಂಡ ತಾನಾಗಿ ಹೊತ್ತಿಕೊಳ್ಳುತ್ತದೆಯೇ?

ದೊಡ್ಡಪ್ಪ: ಹಾಗಾದರೆ 1054ರಲ್ಲಿ ಸಿಡಿದದ್ದು ಕಂಡ ನಕ್ಷತ್ರದ ಅವಶೇಷ, ಏಡಿ ನೀಹಾರಿಕೆ, ಅದಕ್ಕೂ ಇದೇ ಕಥೆಯೋ?

ಸಹನಾ: ಅಲ್ಲಿ ನೀವು ಗೆದ್ದಿರಿ. ನಡುವೆ ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುವ ಪಲ್ಸಾರ್, ಅಂದರೆ ಸಿಡಿದ ನಕ್ಷತ್ರದ ಕುಗ್ಗಿದ ತಿರುಳು, ಇದೆ. ಸುತ್ತಲಿನ ಅನಿಲದ ಎಳೆಗಳನ್ನು ಮುಖ್ಯವಾಗಿ ಬೆಳಗಿಸುತ್ತಿರುವುದು ಅದರ ಶಕ್ತಿಯಿಂದ ಹುಟ್ಟಿದ ವಿಕಿರಣ.

ದೊಡ್ಡಪ್ಪ: ಒಲೆ ಇದೆ ಎಂದಾಯಿತು!

ರಘು: ಅಕ್ಕ, ಗಂಟಿನ ವೇಗ ತಿಳಿಯುವುದು ಹೇಗೆ?

ಸಹನಾ: ಗೆರೆ ಜರುಗುತ್ತದೆ. ಸೆಕೆಂಡಿಗೆ 5,000 ಕಿ.ಮೀ. ವೇಗದಲ್ಲಿ ನಮ್ಮಿಂದ ದೂರ ಓಡುವ ಗಂಟಿನಲ್ಲಿ ಆಮ್ಲಜನಕದ 500.7ರ ಗೆರೆ 509ರ ಹತ್ತಿರ ಕಾಣುತ್ತದೆ.

(ಇಪ್ಪತ್ತು ನಿಮಿಷ ಗುಂಪಿನಲ್ಲಿ ಸದ್ದಿಲ್ಲ.)

ದೊಡ್ಡಪ್ಪ: ಹಳೆಯ ಕ್ಯಾಲ್ಕುಲೇಟರಿನಲ್ಲಿ ಮಾಡಿ ನೋಡಿದೆ. 509.05 ಬಂತು. ಚಿತ್ರ ಅಳಿಸುವುದಿಲ್ಲ. ಕೆಂಡ ಎಂಬ ಪದವನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡಿದ್ದೇನೆ.